ಕಾರ್ಲೋಸ್ ಡೆಲ್ಗಾಡೊ: 473 ಹೋಮ್ ರನ್ ಹೊಡೆದವನನ್ನು ಇಷ್ಟು ಬೇಗ ಮರೆತದ್ದು ಹೇಗೆ?

ಮಿಸ್ಸಿಸಾಗಾ ಮಂಜ:

2025ರ ಡಿಸೆಂಬರ್‌ನಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನ (ಆಟದ ದಿಗ್ಗಜರನ್ನು ಸೇರಿಸಿಕೊಳ್ಳುವ ಗೌರವ ಪಟ್ಟಿ) ಸಮಿತಿ ಕೂತು ಎಂಟು ಹಳೇ ಆಟಗಾರರ ಹೆಸರನ್ನು ಮತಕ್ಕೆ ಹಾಕಿತು. ಹದಿನಾರು ಜನ ಮತದಾರರು, ಹನ್ನೆರಡು ಮತ ಬಿದ್ದರೆ ಪಾಸು. ಜೆಫ್ ಕೆಂಟ್‌ಗೆ 14 ಬಿತ್ತು, ಒಳಗೆ ಹೋದ. ಸ್ಟೀರಾಯ್ಡ್ ಆರೋಪ ಹೊತ್ತ ಬ್ಯಾರಿ ಬಾಂಡ್ಸ್, ರೋಜರ್ ಕ್ಲೆಮೆನ್ಸ್ ಮತ್ತೆ ಹೊರಗೇ ಉಳಿದರು ಅಂತ ಊರೆಲ್ಲ ಸುದ್ದಿ. ಕೆಂಟ್ ಆದಮೇಲೆ ಹೆಚ್ಚು ಮತ ಬಿದ್ದದ್ದು ಯಾರಿಗೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಕಾರ್ಲೋಸ್ ಡೆಲ್ಗಾಡೊಗೆ. 9 ಮತ.

ನಮ್ಮ ಆಫೀಸಿನಲ್ಲಿ ಟೊರಾಂಟೊ ತಂಡ ಬ್ಲೂ ಜೇಸ್‌ನ ಟೋಪಿ ತೆಗೆಯದ ಹುಡುಗರಿದ್ದಾರೆ. 2025ರಲ್ಲಿ ಜೇಸ್ ವರ್ಲ್ಡ್ ಸೀರೀಸ್ ಅನ್ನೋ ಫೈನಲ್ ಸರಣಿಯ ಏಳನೇ ಆಟದವರೆಗೆ ಹೋದಾಗ ರಾತ್ರಿಯೆಲ್ಲ ನಿದ್ದೆಗೆಟ್ಟವರು. ಅವರಿಗೆ 1993ರಲ್ಲಿ ವರ್ಲ್ಡ್ ಸೀರೀಸ್ ಗೆಲ್ಲಿಸಿದ ಜೋ ಕಾರ್ಟರ್ ಗೊತ್ತು, 2015ರಲ್ಲಿ ಬ್ಯಾಟ್ ಎಸೆದ ಬಟಿಸ್ಟಾ ಗೊತ್ತು. ನಡುವಿನ ಇಪ್ಪತ್ತೆರಡು ವರ್ಷ ಖಾಲಿ. ಆ ಖಾಲಿ ಜಾಗದಲ್ಲೇ ಈ ತಂಡದ ಇತಿಹಾಸದಲ್ಲಿ ಅತಿ ಹೆಚ್ಚು ಹೋಮ್ ರನ್ (ಚೆಂಡನ್ನು ಸಿಕ್ಸರ್ ಥರ ಗೋಡೆ ದಾಟಿಸೋದು; 336), ಅತಿ ಹೆಚ್ಚು ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್; 1058) ಮಾಡಿದವನು ಆಡಿದ್ದ. ಇವತ್ತಿಗೂ ಆ ಎರಡೂ ದಾಖಲೆ ಅವನದೇ.

ಡೆಲ್ಗಾಡೊ ಪೋರ್ಟೊ ರಿಕೊದ ಅಗ್ವಾಡಿಯಾ ಊರಿನವನು. 1988ರಲ್ಲಿ, ಹದಿನಾರನೇ ವಯಸ್ಸಿಗೆ ಜೇಸ್ ಜೊತೆ ಒಪ್ಪಂದ. ಬಂದದ್ದು ಕ್ಯಾಚರ್ (ವಿಕೆಟ್‌ಕೀಪರ್ ಥರ) ಆಗಿ. ಫಸ್ಟ್ ಬೇಸ್ ಅನ್ನೋ ಫೀಲ್ಡಿಂಗ್ ಜಾಗದಲ್ಲಿ ಆಗ ಜಾನ್ ಓಲರುಡ್ ಗಟ್ಟಿಯಾಗಿ ನಿಂತಿದ್ದ, ಅದಕ್ಕೇ 1994ರಲ್ಲಿ ಇವನನ್ನು ಲೆಫ್ಟ್ ಫೀಲ್ಡ್‌ಗೆ ಕಳಿಸಿದರು. ಆ ಏಪ್ರಿಲ್‌ನಲ್ಲಿ ಹೊಡೆದ ಒಂದು ಚೆಂಡು ಜೇಸ್ ಮೈದಾನ ಸ್ಕೈಡೋಮ್‌ನ ಒಳಗೇ ಇದ್ದ ಹಾರ್ಡ್ ರಾಕ್ ಕೆಫೆಯ ಗಾಜಿಗೆ ಬಡಿಯಿತು. ಊರೆಲ್ಲ ಹುಚ್ಚೆದ್ದಿತು. ಆಮೇಲೆ ಚೆಂಡು ಎಸೆಯುವ ಪಿಚರ್‌ಗಳು ಅವನ ದೌರ್ಬಲ್ಯ ಕಂಡುಹಿಡಿದರು, ತಂಡದವರು ಕೆಳಹಂತದ ಮೈನರ್ ಲೀಗ್‌ಗೆ ವಾಪಸ್ ಕಳಿಸಿದರು. ಓಲರುಡ್‌ನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟ ಮೇಲೆ, 1997ರಿಂದ ಫಸ್ಟ್ ಬೇಸ್ ಇವನದಾಯ್ತು. ಅಲ್ಲಿಂದ 2006ರವರೆಗೆ ಸತತ ಹತ್ತು ಸೀಸನ್, ಒಂದೊಂದರಲ್ಲೂ ಮೂವತ್ತು ಅಥವಾ ಹೆಚ್ಚು ಹೋಮ್ ರನ್.

2000ನೇ ಇಸವಿಯದ್ದನ್ನು ಪೂರ್ತಿ ಹೇಳಲೇಬೇಕು. 162 ಪಂದ್ಯ, ಒಂದನ್ನೂ ಬಿಡಲಿಲ್ಲ. ಸರಾಸರಿ .344 (ಸಾವಿರಕ್ಕೆ 344 ಹಿಟ್), ಹೋಮ್ ರನ್ 41, ಡಬಲ್ (ಎರಡು ಬೇಸ್ ಸಿಕ್ಕ ಹೊಡೆತ) 57, ಆರ್‌ಬಿಐ 137, ವಾಕ್ (ಪಿಚರ್‌ನ ಎಸೆತ ಸರಿಯಿಲ್ಲದೆ ಪುಕ್ಕಟೆ ಸಿಕ್ಕ ಬೇಸ್) 123. ಬ್ಯಾಟ್ ಹಿಡಿದು ಬಂದ ನೂರು ಸಲದಲ್ಲಿ ನಲವತ್ತೇಳು ಸಲ ಬೇಸ್ ತಲುಪಿದ್ದಾನೆ! ಬರೀ ಕಣ್ಣುಮುಚ್ಚಿ ಬೀಸುವವನಿಗೆ ಆಗುವ ಕೆಲಸವಲ್ಲ ಇದು. ಆ ವರ್ಷದ ಎಂವಿಪಿ (ಲೀಗ್‌ನ ಶ್ರೇಷ್ಠ ಆಟಗಾರ) ಆಯ್ಕೆಯಲ್ಲಿ ಅವನಿಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ.

ಇವನನ್ನು ನೆನಪಿಟ್ಟುಕೊಂಡಿರುವ ಯಾರಾದರೂ ಇಲ್ಲಿದ್ದೀರಾ?

ಕ್ವೀನ್ಸ್ ಕೃಷ್ಣ:

ನೆನಪಿಟ್ಟುಕೊಳ್ಳದೆ ಏನು ಮಂಜಣ್ಣ, ಕೊನೇ ನಾಲ್ಕು ವರ್ಷ ನಮ್ಮ ಮೆಟ್ಸ್‌ನಲ್ಲೇ ಇದ್ದನಲ್ಲ. 2005ರಲ್ಲಿ ಒಂದು ವರ್ಷ ಮಾರ್ಲಿನ್ಸ್‌ಗೆ ಆಡಿದ, ಅವರು ಸಂಬಳದ ಭಾರ ಇಳಿಸಿಕೊಳ್ಳೋಕೆ ಇವನನ್ನು ನಮಗೆ ದಾಟಿಸಿದರು. ನಮಗೆ ಲಾಟರಿ.

ನೀವು ಟೊರಾಂಟೊದವರು ಅವನ ಪೋಸ್ಟ್ ಸೀಸನ್ (ಲೀಗ್ ಮುಗಿದಮೇಲೆ ಅಕ್ಟೋಬರ್‌ನಲ್ಲಿ ಪ್ರಶಸ್ತಿಗಾಗಿ ಆಡೋ ಪಂದ್ಯಗಳು) ನೋಡಲೇ ಇಲ್ಲ. ಇಡೀ ವೃತ್ತಿಯಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಅಕ್ಟೋಬರ್, 2006ರದ್ದು. ಹತ್ತು ಪಂದ್ಯದಲ್ಲಿ .351, ನಾಲ್ಕು ಹೋಮ್ ರನ್, 11 ಆರ್‌ಬಿಐ. ದೊಡ್ಡ ಪಂದ್ಯದಲ್ಲಿ ಕೈಕೊಡುತ್ತಾನೆ ಅಂತ ಯಾರ ಮೇಲಾದರೂ ಗೂಬೆ ಕೂರಿಸಿ, ಇವನ ಮೇಲೆ ಆಗಲ್ಲ. ಆದರೆ ಕಾರ್ಡಿನಲ್ಸ್ ತಂಡಕ್ಕೆ ನಾವು ಸೋತ ಆ ಸರಣಿ ಅಂದರೆ ಜನಕ್ಕೆ ನೆನಪಿಗೆ ಬರೋದು ಏಳನೇ ಪಂದ್ಯ ಮಾತ್ರ: ನಮ್ಮ ಎಂಡಿ ಚಾವೆಸ್ ಗೋಡೆ ಮೇಲೆ ಕೈ ಚಾಚಿ ಹಿಡಿದ ಕ್ಯಾಚ್, ಅವರ ಯಾಡಿಯೆರ್ ಮೊಲಿನಾನ ಹೋಮ್ ರನ್, ಅವರ ಪಿಚರ್ ವೇಯ್ನ್‌ರೈಟ್‌ನ ಕರ್ವ್ ಬಾಲ್‌ಗೆ ನಮ್ಮ ಬೆಲ್ಟ್ರಾನ್ ಬ್ಯಾಟ್ ಎತ್ತದೆ ನಿಂತದ್ದು. ನ್ಯೂಯಾರ್ಕ್ ಮಂದಿ ಬೆಲ್ಟ್ರಾನ್‌ಗೆ ಬೈದರು, ಡೆಲ್ಗಾಡೊನನ್ನು ಹೊಗಳೋಕೆ ಮರೆತರು.

2008ರ ಜೂನ್ 27 ಗೊತ್ತಾ? ಮಧ್ಯಾಹ್ನ ಯಾಂಕಿ ಸ್ಟೇಡಿಯಂ, ರಾತ್ರಿ ಶೇ ಸ್ಟೇಡಿಯಂ, ಒಂದೇ ದಿನ ಎರಡು ಮೈದಾನದಲ್ಲಿ ಎರಡು ಪಂದ್ಯ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಅವನ ಬ್ಯಾಟ್ ಸತ್ತೇ ಹೋಗಿತ್ತು, ಶೇನಲ್ಲಿ ಬೂ ಅಂತ ಕೂಗುತ್ತಿದ್ದರು. ಆ ಮಧ್ಯಾಹ್ನ ಒಂದು ಗ್ರ್ಯಾಂಡ್ ಸ್ಲ್ಯಾಮ್ (ನಾಲ್ಕು ರನ್ನಿನ ಹೋಮ್ ರನ್), ಒಂದು ಮೂರು ರನ್ನಿನ ಹೋಮ್ ರನ್, ಎರಡು ರನ್ನಿನ ಡಬಲ್. ಒಟ್ಟು 9 ಆರ್‌ಬಿಐ, ಮೆಟ್ಸ್ ಆಟಗಾರನೊಬ್ಬ ಒಂದೇ ಪಂದ್ಯದಲ್ಲಿ ಅಲ್ಲಿಯವರೆಗೆ ಅಷ್ಟು ಮಾಡಿರಲಿಲ್ಲ. ಸೀಸನ್ ಮುಗಿಯೋ ಹೊತ್ತಿಗೆ 38 ಹೋಮ್ ರನ್, 115 ಆರ್‌ಬಿಐ. ವಯಸ್ಸು ಮೂವತ್ತಾರು.

ಹಾಸನದ ಹುಡುಗ:

ನಾನು ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವನಲ್ಲ, ಅಣ್ಣನ ಮನೆ ಇರೋದು ಡಲ್ಲಾಸ್‌ನಲ್ಲಿ ಅನ್ನೋದಷ್ಟೇ ನನಗೂ ಬೇಸ್‌ಬಾಲ್‌ಗೂ ಇರುವ ನಂಟು. 473 ಹೋಮ್ ರನ್ ಅಂದರೆ ಜಾಸ್ತಿನಾ ಕಮ್ಮಿನಾ? ಸೀಸನ್‌ಗೆ 162 ಪಂದ್ಯ ಆಡ್ತಾರೆ ಅಂದಮೇಲೆ ಸುಲಭ ಅಲ್ವಾ?

ಮಿಸ್ಸಿಸಾಗಾ ಮಂಜ:

ಒಳ್ಳೇ ಪ್ರಶ್ನೆ ತಮ್ಮ. ಪಂದ್ಯ ಜಾಸ್ತಿ, ನಿಜ. ಆದರೆ ಒಂದು ಪಂದ್ಯದಲ್ಲಿ ಅವನಿಗೆ ಬ್ಯಾಟಿಂಗ್ ಸಿಗೋದು ನಾಲ್ಕೋ ಐದೋ ಸಲ. ಪ್ರತಿ ಸಲವೂ ಮೂರು ಸ್ಟ್ರೈಕ್ (ಹೊಡೆಯದೆ ತಪ್ಪಿದ ಸರಿಯಾದ ಎಸೆತ) ಆದರೆ ಮನೆಗೆ. ಕ್ರೀಸ್‌ನಲ್ಲಿ ಕಾಲೂರಿ ನಿಂತು, ಕಣ್ಣು ಕೂರಿಸಿಕೊಂಡು, ಆಮೇಲೆ ಹೊಡೆಯೋಣ ಅನ್ನೋ ಅವಕಾಶವೇ ಇಲ್ಲ. ಹತ್ತರಲ್ಲಿ ಮೂರು ಸಲ ಹಿಟ್ ಹೊಡೆದರೆ ಅವನು ದೊಡ್ಡ ಆಟಗಾರ. 473 ಅಂದರೆ ಪೋರ್ಟೊ ರಿಕೊದಲ್ಲಿ ಹುಟ್ಟಿದ ಎಲ್ಲರಿಗಿಂತ ಜಾಸ್ತಿ. ಬೆಲ್ಟ್ರಾನ್ 435, ಹುವಾನ್ ಗೊನ್ಸಾಲೆಸ್ 434. ಬೇಸ್‌ಬಾಲನ್ನು ಉಸಿರಾಡುವ ದ್ವೀಪ ಅದು, ಮಹಾನ್ ಆಟಗಾರ ರೊಬರ್ಟೊ ಕ್ಲೆಮೆಂಟೆ ಹುಟ್ಟಿದ ನೆಲ.

ಇನ್ನೊಂದು ದಿನದ್ದು ಹೇಳ್ತೀನಿ. 2003ರ ಸೆಪ್ಟೆಂಬರ್ 25, ಸ್ಕೈಡೋಮ್‌ನಲ್ಲಿ ಟ್ಯಾಂಪಾ ಬೇ ಜೊತೆ ಪಂದ್ಯ. ಸೀಸನ್ ಮುಗಿಯೋಕೆ ನಾಲ್ಕು ದಿನ, ಎರಡೂ ತಂಡಕ್ಕೆ ಗೆದ್ದರೂ ಸೋತರೂ ಒಂದೇ. ಡೆಲ್ಗಾಡೊಗೆ ಫ್ಲೂ. ನಾಲ್ಕು ಸಲ ಬ್ಯಾಟಿಂಗ್‌ಗೆ ಬಂದ, ನಾಲ್ಕೂ ಸಲ ಚೆಂಡು ಗೋಡೆ ದಾಟಿತು. ಮೊದಲನೆಯದು ಅವನ 300ನೇ ಹೋಮ್ ರನ್. ಒಂದೇ ಪಂದ್ಯದಲ್ಲಿ ನಾಲ್ಕು ಹೊಡೆದವರು ಅವನಿಗಿಂತ ಮುಂಚೆಯೂ ಇದ್ದರು, ಆದರೆ ಸಿಕ್ಕಿದ್ದೇ ನಾಲ್ಕು ಅವಕಾಶ, ನಾಲ್ಕನ್ನೂ ಹೋಮ್ ರನ್ ಮಾಡಿದ ಮೊದಲಿಗ ಅವನೇ. ಜೇಸ್ 10-8ರಲ್ಲಿ ಗೆದ್ದರು. ಆಗ ಆ ಸ್ಟೇಡಿಯಂನಲ್ಲಿ ಮೇಲಿನ ಅಂತಸ್ತಿನ ಸೀಟುಗಳು ಬಣಗುಡುತ್ತಿದ್ದ ಕಾಲ. 1991ರಿಂದ 93ರವರೆಗೆ ವರ್ಷಕ್ಕೆ 40 ಲಕ್ಷ ಜನ ಬರುತ್ತಿದ್ದ ಜಾಗ, 1994ರ ಆಟಗಾರರ ಮುಷ್ಕರ ಆದಮೇಲೆ ಇಳಿಯುತ್ತಾ ಇಳಿಯುತ್ತಾ ಇವನ ಉಚ್ಛ್ರಾಯದ ವರ್ಷಗಳಲ್ಲಿ 20 ಲಕ್ಷವನ್ನೂ ಮುಟ್ಟುತ್ತಿರಲಿಲ್ಲ.

ಧಾರವಾಡ ಪೇಢಾ:

ಮಂಜಣ್ಣಾರ, ಛಲೋ ಬರದೀರಿ. ಆದ್ರ ನಾನು ಚಿಕಾಗೋದಾಂವ, ವೈಟ್ ಸಾಕ್ಸ್ ಕಡಿಯಾಂವ. ನಮ್ಮ ಫ್ರ್ಯಾಂಕ್ ಥಾಮಸ್‌ನ್ನ ನೋಡಿದ ಕಣ್ಣಿಗೆ ನಿಮ್ಮ ಡೆಲ್ಗಾಡೊ ಭಾಳ ದೊಡ್ಡಾಂವ ಅನಸಂಗಿಲ್ಲ ನೋಡ್ರಿ. ಆ ಕಾಲದಾಗ ಫಸ್ಟ್ ಬೇಸ್ ಮಂದಿ ಯಾರ‍್ಯಾರು ಇದ್ರು ಲೆಕ್ಕಾ ಹಾಕ್ರಿ: ಥಾಮಸ್, ಜಿಮ್ ಟೋಮಿ, ಜಯಾಂಬಿ, ಪಾಲ್ಮೇರೊ, ಬ್ಯಾಗ್‌ವೆಲ್, ಹೆಲ್ಟನ್, ಮೆಕ್‌ಗ್ವೈರ್. ಆಮ್ಯಾಲೆ ಪುಹೋಲ್ಸ್ ಬಂದ. ಇಷ್ಟು ಮಂದಿ ನಡುವ ಒಬ್ಬಾಂವ ಕಾಣಲಿಲ್ಲಾ ಅಂದ್ರ ಅದು ಯಾರ ತಪ್ಪೂ ಅಲ್ಲ.

ಅಂದಂಗ, ನಮ್ಮ ಥಾಮಸ್ 500ನೇ ಹೋಮ್ ರನ್ ಹೊಡದಿದ್ದು 2007ರಾಗ, ನಿಮ್ಮ ಬ್ಲೂ ಜೇಸ್ ಅಂಗಿ ಹಾಕ್ಕೊಂಡು. ಅದನ್ನಾದ್ರೂ ನೆನಪಿಟ್ಟೀರೋ ಇಲ್ಲೋ?

ಮಿಸ್ಸಿಸಾಗಾ ಮಂಜ:

ಇಟ್ಟಿದ್ದೀವಿ ಮಾರಾಯ್ರೆ, ಅದಕ್ಕೂ ಚಪ್ಪಾಳೆ ಹೊಡೆದಿದ್ದೀವಿ.

ನಿಮ್ಮ ಪಟ್ಟಿ ಸರಿಯಿದೆ, ಅದೇ ನನ್ನ ಸಂಕಟ. ಆ ಪಟ್ಟಿಯಲ್ಲಿ ಕೆಲವರ ಹೆಸರು ಸ್ಟೀರಾಯ್ಡ್ ಗಲಾಟೆಯಲ್ಲಿ ಬಂತು. ಮೆಕ್‌ಗ್ವೈರ್ ತಾನೇ ಒಪ್ಪಿಕೊಂಡ, ಪಾಲ್ಮೇರೊ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ, ಜಯಾಂಬಿಯದ್ದು ಎಲ್ಲರಿಗೂ ಗೊತ್ತು. ಸ್ಟೀರಾಯ್ಡ್ ತನಿಖೆ ಮಾಡಿದ 2007ರ ಮಿಚೆಲ್ ವರದಿಯಲ್ಲಿ ಡೆಲ್ಗಾಡೊ ಹೆಸರಿಲ್ಲ. ಆದರೂ ಆ ಕಾಲದಲ್ಲಿ ಹೋಮ್ ರನ್ ಅನ್ನೋದರ ಬೆಲೆಯೇ ಬಿದ್ದುಹೋಗಿತ್ತು. ಪಕ್ಕದವನು 70 ಹೊಡೆಯುವಾಗ 41 ಹೊಡೆದವನನ್ನು ಯಾರು ತಿರುಗಿ ನೋಡ್ತಾರೆ? ಹತ್ತು ಸೀಸನ್ ಹಾಗೆ ಆಡಿದವನು ಆಯ್ದ ತಾರೆಗಳಷ್ಟೇ ಆಡುವ ಆಲ್ ಸ್ಟಾರ್ ಪಂದ್ಯಕ್ಕೆ ಹೋದದ್ದು ಎರಡೇ ಸಲ, 2000 ಮತ್ತು 2003.

ಜಾಗದ ಮಾತೂ ಇದೆ. 1998ರಿಂದ 2003ರವರೆಗೆ ಆರು ವರ್ಷವೂ ಜೇಸ್ ತಮ್ಮ ವಿಭಾಗದಲ್ಲಿ ಮೂರನೇ ಸ್ಥಾನ. ಮೇಲೆ ಯಾಂಕೀಸ್, ರೆಡ್ ಸಾಕ್ಸ್ ಕೂತಿದ್ದಾರೆ. ಅಮೆರಿಕದ ಟಿವಿಯವರಿಗೆ ಕೆನಡಾದ ಮೂರನೇ ಸ್ಥಾನದ ತಂಡ ಯಾಕೆ ಬೇಕು? ನಮ್ಮ ರಾಯ್ ಹ್ಯಾಲಡೆಯಂಥ ಪಿಚರ್ ಕೂಡ ದೇಶಕ್ಕೆಲ್ಲ ಸರಿಯಾಗಿ ಕಂಡದ್ದು ಫಿಲಡೆಲ್ಫಿಯಾಕ್ಕೆ ಹೋದಮೇಲೆ. 2003ರಲ್ಲಿ ಡೆಲ್ಗಾಡೊ .302, 42 ಹೋಮ್ ರನ್, 145 ಆರ್‌ಬಿಐ. ಎರಡೂ ಲೀಗ್ ಸೇರಿಸಿದರೂ ಅಷ್ಟು ಆರ್‌ಬಿಐ ಇನ್ನೊಬ್ಬರದಿಲ್ಲ. ಎಂವಿಪಿ ಕೊಟ್ಟದ್ದು ತನ್ನ ವಿಭಾಗದಲ್ಲಿ ಕೊನೇ ಸ್ಥಾನಕ್ಕೆ ಬಿದ್ದಿದ್ದ ಟೆಕ್ಸಸ್‌ನ ಅಲೆಕ್ಸ್ ರಾಡ್ರಿಗೆಸ್‌ಗೆ. ಇವನು ಎರಡನೆಯವನು.

ಲೆಕ್ಕಿಗ:

ಮಂಜಣ್ಣನ ಪ್ರೀತಿಗೆ ನಮಸ್ಕಾರ, ಆದರೆ ಯಾರಾದರೂ ತಣ್ಣೀರು ಎರಚಬೇಕಲ್ಲ.

ಆರ್‌ಬಿಐ ಅನ್ನೋದು ತನಗಿಂತ ಮುಂಚೆ ಬ್ಯಾಟ್ ಮಾಡಿದವರು ಬೇಸ್ ಮೇಲೆ ನಿಂತಿದ್ದರೆ ಸಿಗೋದು. ಅದನ್ನ ಪಕ್ಕಕ್ಕಿಡೋಣ. ಇಡೀ ವೃತ್ತಿಯ ಅಂಕಿ ತೆಗೆಯಿರಿ: .280 ಸರಾಸರಿ, .383 ಆನ್ ಬೇಸ್ (ಬೇಸ್ ತಲುಪಿದ ಪ್ರಮಾಣ), .546 ಸ್ಲಗ್ಗಿಂಗ್ (ಹೊಡೆತದ ಬಲದ ಅಳತೆ). ಬ್ಯಾಟಿಂಗ್ ಭರ್ಜರಿ, ತಕರಾರಿಲ್ಲ. ಆದರೆ ಫಸ್ಟ್ ಬೇಸ್‌ನಲ್ಲಿ ಕೈ ಸಾಧಾರಣಕ್ಕಿಂತ ಕಡಿಮೆ, ಓಟ ನಿಧಾನ. ಎಲ್ಲ ಕೂಡಿ ಕಳೆದರೆ ವಾರ್ (ಬದಲಿ ಆಟಗಾರನಿಗಿಂತ ಎಷ್ಟು ಗೆಲುವು ಹೆಚ್ಚು ತಂದ ಅನ್ನೋ ಅಂಕ) 44 ಚಿಲ್ಲರೆ. ಹಾಲ್ ಆಫ್ ಫೇಮ್‌ನಲ್ಲಿರುವ ಫಸ್ಟ್ ಬೇಸ್‌ಮನ್‌ಗಳ ಸರಾಸರಿ 65ರ ಆಸುಪಾಸು. ಇಪ್ಪತ್ತು ಅಂಕದ ಅಂತರ ಅಂದರೆ ನಾಲ್ಕು ಒಳ್ಳೇ ಸೀಸನ್.

2015ರಲ್ಲಿ ಹಾಲ್ ಆಫ್ ಫೇಮ್‌ಗೆ ಮೊದಲು ಮತ ಹಾಕುವ ಬೇಸ್‌ಬಾಲ್ ಬರಹಗಾರರು ಅವನಿಗೆ ಕೊಟ್ಟದ್ದು 3.8 ಶೇಕಡಾ. ಐದಕ್ಕಿಂತ ಕಮ್ಮಿ ಬಂದರೆ ಮೊದಲ ವರ್ಷವೇ ಪಟ್ಟಿಯಿಂದ ಔಟ್. ಅದು ಅನ್ಯಾಯ ಅಂತ ನಾನೂ ಒಪ್ತೀನಿ, ಆ ವರ್ಷದ ಪಟ್ಟಿ ಹಾಗಿತ್ತು. ರ‍್ಯಾಂಡಿ ಜಾನ್ಸನ್, ಪೆಡ್ರೊ, ಸ್ಮೋಲ್ಟ್ಸ್, ಬಿಜಿಯೊ ಒಳಗೆ ಹೋದರು. ಪಿಯಾಜಾ, ಬ್ಯಾಗ್‌ವೆಲ್, ರೇನ್ಸ್, ಮುಸೀನಾ, ಎಡ್ಗರ್ ಮಾರ್ಟಿನೆಸ್ ಕಾಯುತ್ತಿದ್ದರು, ಅವರ ಜೊತೆ ಬಾಂಡ್ಸ್ ಮತ್ತು ಕ್ಲೆಮೆನ್ಸ್ ಬೇರೆ. ಒಬ್ಬ ಮತದಾರ ಹತ್ತು ಹೆಸರಿಗಿಂತ ಹೆಚ್ಚು ಬರೆಯೋ ಹಾಗಿಲ್ಲ. ಹತ್ತರೊಳಗೆ ಡೆಲ್ಗಾಡೊನನ್ನು ಎಲ್ಲಿ ತೂರಿಸೋದು? ಇನ್ನೂ ಹತ್ತು ವರ್ಷ ಚರ್ಚೆ ಆಗಬೇಕಿದ್ದ ಹೆಸರು ಅದು. ಚರ್ಚೆ ಆಗಿದ್ದರೂ ನಾನು ಇಲ್ಲ ಅಂತಲೇ ಹೇಳುತ್ತಿದ್ದೆ, ಅದು ಬೇರೆ ಮಾತು.

ಕ್ವೀನ್ಸ್ ಕೃಷ್ಣ:

ಲೆಕ್ಕಿಗರೇ, ಹೆರಾಲ್ಡ್ ಬೇನ್ಸ್ ಒಳಗಿದ್ದಾನೆ. ಅವನ ವಾರ್ 39, ಹೋಮ್ ರನ್ 384. ಏನಂತೀರಿ?

ಲೆಕ್ಕಿಗ:

ಒಬ್ಬ ತಪ್ಪಿ ಒಳಗೆ ಬಂದ ಅಂತ ಬಾಗಿಲನ್ನೇ ಕಿತ್ತುಹಾಕೋಕಾಗುತ್ತಾ ಕೃಷ್ಣ?

ಮಿಸ್ಸಿಸಾಗಾ ಮಂಜ:

ಬೇನ್ಸ್ ಬೇಡ, ಫ್ರೆಡ್ ಮೆಕ್‌ಗ್ರಿಫ್‌ನ ತಗೊಳ್ಳಿ. ಅವನೂ ಟೊರಾಂಟೊದಲ್ಲೇ ಶುರು ಮಾಡಿದವನು, 493 ಹೋಮ್ ರನ್. ಬರಹಗಾರರು ಹತ್ತು ವರ್ಷವೂ ಅವನನ್ನು ಒಳಗೆ ಬಿಡಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸಮಿತಿ ಒಮ್ಮತದಿಂದ ಬಿಟ್ಟುಕೊಂಡಿತು. ಮೆಕ್‌ಗ್ರಿಫ್‌ಗೂ ಡೆಲ್ಗಾಡೊಗೂ ಇಪ್ಪತ್ತು ಹೋಮ್ ರನ್ ವ್ಯತ್ಯಾಸ, ಅದೂ ಇವನು ನಾನೂರಕ್ಕೂ ಹೆಚ್ಚು ಪಂದ್ಯ ಕಡಿಮೆ ಆಡಿ. ಮೆಕ್‌ಗ್ರಿಫ್‌ನನ್ನು ಹತ್ತು ವರ್ಷ ಪಟ್ಟಿಯಲ್ಲಿಟ್ಟು ಜನ ಮಾತಾಡಿದರು, ಅದರಿಂದಲೇ ಅವನ ಹೆಸರು ಜೀವಂತವಾಗಿತ್ತು. ಇವನಿಗೆ ಸಿಕ್ಕಿದ್ದು ಒಂದು ಚಳಿಗಾಲ.

ಸೊಂಟ ಕೈಕೊಟ್ಟಿತು, ಅದೇ ಕಥೆ. 2008ರಲ್ಲಿ 38 ಹೊಡೆದವನು 2009ರಲ್ಲಿ 26 ಪಂದ್ಯ ಆಡಿ ಶಸ್ತ್ರಚಿಕಿತ್ಸೆಗೆ ಹೋದ. ಮತ್ತೆ ಮೇಜರ್ ಲೀಗ್‌ಗೆ ಬರಲೇ ಇಲ್ಲ. 2011ರ ಏಪ್ರಿಲ್‌ನಲ್ಲಿ ನಿವೃತ್ತಿ ಹೇಳಿದ. 500ಕ್ಕೆ 27 ಕಡಿಮೆ. ಒಂದೇ ಒಂದು ಆರೋಗ್ಯವಂತ ಸೀಸನ್ ಸಿಕ್ಕಿದ್ದರೆ ನಾವು ಇವತ್ತು ಈ ಮಾತೇ ಆಡುತ್ತಿರಲಿಲ್ಲ.

ಮಲೆನಾಡ ಮಗಳು:

ಎಲ್ಲರೂ ಅಂಕಿ ಹಿಡ್ಕೊಂಡು ಕೂತಿದ್ದೀರಿ, ಅವನ ನೋಟ್‌ಬುಕ್ ಬಗ್ಗೆ ಯಾರೂ ಹೇಳಲಿಲ್ವಲ್ಲ! ಪ್ರತಿ ಸಲ ಬ್ಯಾಟಿಂಗ್ ಮುಗಿಸಿ ಡಗ್‌ಔಟ್‌ಗೆ ಬಂದ ಕೂಡಲೇ ಪುಸ್ತಕ ತೆಗೆದು ಬರೆದುಕೊಳ್ತಿದ್ದ. ಯಾವ ಪಿಚರ್, ಯಾವ ಎಸೆತ, ಯಾವ ಜಾಗಕ್ಕೆ ಬಂತು, ತಾನು ಏನು ಮಾಡಿದೆ. ಹೋಮ್ ರನ್ ಹೊಡೆದರೂ ಬರೆಯೋದು, ಸ್ಟ್ರೈಕ್‌ಔಟ್ ಆದರೂ ಬರೆಯೋದು. ನನ್ನ ಮಗ ಲಿಟಲ್ ಲೀಗ್ ಆಡ್ತಾನೆ, ಅವನ ಕೋಚ್ ಮಕ್ಕಳಿಗೆಲ್ಲ ಇದನ್ನೇ ಹೇಳಿ ಒಂದೊಂದು ಪುಸ್ತಕ ಹಿಡಿಸಿದ್ದಾರೆ. ನಮ್ಮವನ ಪುಸ್ತಕದಲ್ಲಿ ಇರೋದು ಪೂರ್ತಿ ಡೈನೊಸಾರ್ ಚಿತ್ರ, ಆ ಮಾತು ಬಿಡಿ.

ನನಗೆ ಡೆಲ್ಗಾಡೊ ಗೊತ್ತಾಗಿದ್ದು ಆಟದಿಂದ ಅಲ್ಲ. ಸೆಪ್ಟೆಂಬರ್ 11ರ ನಂತರ ಅಮೆರಿಕದ ಮೈದಾನಗಳಲ್ಲಿ ಏಳನೇ ಇನ್ನಿಂಗ್ಸ್ ನಡುವೆ ‘ಗಾಡ್ ಬ್ಲೆಸ್ ಅಮೆರಿಕ’ ಹಾಡೋದು ಶುರುವಾಯ್ತಲ್ಲ. 2004ರಲ್ಲಿ ಇವನು ಇರಾಕ್ ಯುದ್ಧವನ್ನು ಒಪ್ಪಲ್ಲ ಅಂತ ಆ ಹಾಡಿಗೆ ಹೊರಗೆ ಬಂದು ನಿಲ್ಲದೆ ಡಗ್‌ಔಟ್‌ನಲ್ಲೇ ಉಳಿದ. ಕೂಗಾಡಲಿಲ್ಲ, ಪತ್ರಿಕಾಗೋಷ್ಠಿ ಕರೆಯಲಿಲ್ಲ. ಪತ್ರಕರ್ತರು ಗಮನಿಸಿ ಕೇಳಿದಾಗ ಕಾರಣ ಹೇಳಿದ. ಆ ಜುಲೈನಲ್ಲಿ ಯಾಂಕಿ ಸ್ಟೇಡಿಯಂಗೆ ಹೋದಾಗ ಜನ ಬೂ ಅಂತ ಕೂಗಿದರು.

ಇದರ ಹಿಂದೆ ವಿಯೆಕೆಸ್ ಇದೆ. ಪೋರ್ಟೊ ರಿಕೊದ ಪಕ್ಕದ ಸಣ್ಣ ದ್ವೀಪ, ಅಮೆರಿಕದ ನೌಕಾಪಡೆ ದಶಕಗಟ್ಟಲೆ ಅಲ್ಲಿ ಬಾಂಬ್ ಅಭ್ಯಾಸ ಮಾಡ್ತಿತ್ತು. 1999ರಲ್ಲಿ ಗುರಿ ತಪ್ಪಿದ ಬಾಂಬಿಗೆ ಅಲ್ಲಿಯ ಕಾವಲುಗಾರನೊಬ್ಬ ಸತ್ತ ಮೇಲೆ ದೊಡ್ಡ ಚಳವಳಿ ಆಯ್ತು, ಡೆಲ್ಗಾಡೊ ಹೆಸರು, ದುಡ್ಡು ಎರಡನ್ನೂ ಕೊಟ್ಟ. 2003ರಲ್ಲಿ ನೌಕಾಪಡೆ ಅಲ್ಲಿಂದ ಹೊರಟಿತು. ಅದನ್ನು ನೋಡಿದವನಿಗೆ ಮರುವರ್ಷ ಬಾಯಿ ಮುಚ್ಚಿಕೊಂಡಿರು ಅಂದರೆ ಕೇಳ್ತಾನಾ?

ಧಾರವಾಡ ಪೇಢಾ:

ಅಕ್ಕಾರ, ನೀವು ಹೇಳೂದು ಖರೆ. ಆದ್ರ ಮೆಟ್ಸ್‌ಗೆ ಬಂದ ಮ್ಯಾಲೆ ಎದ್ದು ನಿಂತನಲ್ರಿ? ಟೊರಾಂಟೊದಾಗ ಕೂತು ಪ್ರತಿಭಟನಾ ಮಾಡೂದು ಹಗರ, ನ್ಯೂಯಾರ್ಕ್‌ದಾಗ ಮಾಡಿ ತೋರಸಬೇಕಿತ್ತು.

ಮಲೆನಾಡ ಮಗಳು:

ಹೌದು, ಮೆಟ್ಸ್‌ನವರು ತಂಡದ ನಿಯಮ ಅಂದರು, ಇವನು ಒಪ್ಪಿಕೊಂಡ. ನನಗೂ ಅದು ಕಸಿವಿಸಿಯೇ. ಆದರೆ ಅಭಿಪ್ರಾಯ ಬದಲಾಯಿಸಿದೆ ಅಂತ ಅವನು ಹೇಳಲಿಲ್ಲ, ತಂಡದ ನಿಯಮಕ್ಕೆ ಬದ್ಧ ಅಂದ ಅಷ್ಟೇ. ಮೆಟ್ಸ್‌ನಲ್ಲಿ 21ನೇ ನಂಬರಿನ ಅಂಗಿ ಹಾಕಿದ, ಕ್ಲೆಮೆಂಟೆಯ ನಂಬರು. ಭೂಕಂಪ ಆದ ನಿಕರಾಗುವಾಕ್ಕೆ ಪರಿಹಾರ ಸಾಮಗ್ರಿ ಒಯ್ಯುವಾಗ ವಿಮಾನ ಬಿದ್ದು ಸತ್ತರಲ್ಲ, 1972ರ ಡಿಸೆಂಬರ್ 31ರಂದು, ಅವರೇ. ಡೆಲ್ಗಾಡೊ ಹುಟ್ಟಿದ್ದೂ ಅದೇ ವರ್ಷ. 2006ರಲ್ಲಿ ಸಮಾಜಸೇವೆಗೆ ಕೊಡುವ ರೊಬರ್ಟೊ ಕ್ಲೆಮೆಂಟೆ ಪ್ರಶಸ್ತಿ ಇವನಿಗೆ ಸಿಕ್ಕಿತು. ಬೂ ಅಂದ ಊರಲ್ಲೇ ಆಡುತ್ತಾ.

ಕ್ವೀನ್ಸ್ ಕೃಷ್ಣ:

ಅಕ್ಕ, ಹಾಡಿನ ವಿಷಯಕ್ಕೆ ಬೂ ಅಂದಿದ್ದು ಯಾಂಕೀಸ್ ಮಂದಿ. ನಮ್ಮ ಮೆಟ್ಸ್‌ನವರನ್ನ ಅವರ ಜೊತೆ ಸೇರಿಸಬೇಡಿ ದಯವಿಟ್ಟು.

ಹಾಸನದ ಹುಡುಗ:

ಒಂದು ವಿಡಿಯೊ ನೋಡಿದೆ. ಇವನು ಬ್ಯಾಟಿಂಗ್‌ಗೆ ಬಂದರೆ ಫೀಲ್ಡರ್‌ಗಳೆಲ್ಲ ಬಲಗಡೆಗೇ ಓಡಿ ನಿಂತಿದ್ದಾರೆ, ಎಡಗಡೆ ಬಟಾಬಯಲು. ಆ ಕಡೆ ಮೆಲ್ಲಗೆ ತಳ್ಳಿದರೆ ಆಯ್ತಲ್ಲ? ನಮ್ಮ ಕಡೆ ಗಲ್ಲಿ ಕ್ರಿಕೆಟ್ ಆಡೋ ಹುಡುಗನೂ ಮಾಡ್ತಾನೆ.

ಲೆಕ್ಕಿಗ:

ಅದನ್ನ ಶಿಫ್ಟ್ ಅಂತಾರೆ. ಎಡಗೈ ಬ್ಯಾಟುಗಾರರು ಜೋರಾಗಿ ಹೊಡೆದರೆ ಚೆಂಡು ಬಹುಪಾಲು ಬಲಗಡೆಗೆ ಹೋಗುತ್ತೆ, ಡೆಲ್ಗಾಡೊನದ್ದಂತೂ ಇನ್ನೂ ಹೆಚ್ಚು. ಮೆಲ್ಲಗೆ ತಳ್ಳಬಹುದು, ಒಂದು ಬೇಸ್ ಸಿಗುತ್ತೆ. ಎದುರಾಳಿಗೂ ಅದೇ ಬೇಕಾಗಿರೋದು, ಹೋಮ್ ರನ್ ಹೊಡೆಯೋನು ಸಿಂಗಲ್ ತಗೊಂಡು ಹೋಗಲಿ ಅಂತ. ಜೊತೆಗೆ 95 ಮೈಲಿ ವೇಗದ ಚೆಂಡನ್ನ ಬೇಕಾದ ಕಡೆ ತಳ್ಳೋದು ಕೂತು ನೋಡಿದಷ್ಟು ಸಲೀಸಲ್ಲ.

2023ರಿಂದ ನಿಯಮ ಬದಲಾಗಿದೆ, ಸೆಕೆಂಡ್ ಬೇಸ್‌ನ ಎರಡೂ ಪಕ್ಕಕ್ಕೆ ಇಬ್ಬಿಬ್ಬರು ಇನ್‌ಫೀಲ್ಡರ್ ಇರಲೇಬೇಕು. ಡೆಲ್ಗಾಡೊ ಕಾಲದಲ್ಲಿ ಆ ರಕ್ಷಣೆ ಇರಲಿಲ್ಲ. ಮಂಜಣ್ಣ, ಇದನ್ನ ನಿಮ್ಮ ವಾದಕ್ಕೆ ಸೇರಿಸಿಕೊಳ್ಳಿ, ಪುಕ್ಕಟೆ ಕೊಟ್ಟಿದ್ದೀನಿ.

ಮಿಸ್ಸಿಸಾಗಾ ಮಂಜ:

ಸೇರಿಸಿಕೊಂಡೆ. ಶಿಫ್ಟ್ ಹಾಕಿದ್ದಕ್ಕೆ ಅವನ ಉತ್ತರ ಸರಳ, ಚೆಂಡನ್ನು ಫೀಲ್ಡರ್‌ಗಳ ತಲೆ ಮೇಲಿಂದ ಕಳಿಸೋದು. ಅಲ್ಲಿ ಯಾರನ್ನೂ ನಿಲ್ಲಿಸೋಕಾಗಲ್ಲವಲ್ಲ.

ಹಾಲ್ ಆಫ್ ಫೇಮ್ ಸಿಗಲಿ ಬಿಡಲಿ, ಟೊರಾಂಟೊ ತನ್ನ ಕೆಲಸ ಮಾಡಿದೆ. 2013ರಲ್ಲಿ ಸ್ಟೇಡಿಯಂನ ಲೆವೆಲ್ ಆಫ್ ಎಕ್ಸಲೆನ್ಸ್ ಅನ್ನೋ ಗೌರವ ಸಾಲಿನಲ್ಲಿ ಅವನ ಹೆಸರು ಹಾಕಿದರು. ಹೋದಾಗ ತಲೆ ಎತ್ತಿ ನೋಡಿ ಅಂತ ಆಫೀಸಿನ ಹುಡುಗರಿಗೆ ಹೇಳಿದ್ದೀನಿ. ಸಮಿತಿಯಲ್ಲೂ ಇನ್ನು ಮೂರೇ ಮತ ಬೇಕಿತ್ತು. ಮುಂದಿನ ಸುತ್ತು 2028ರ ಡಿಸೆಂಬರ್‌ನಲ್ಲಿ. ಐದಕ್ಕಿಂತ ಕಮ್ಮಿ ಮತ ಬಿದ್ದವರಿಗೆ ಆ ಸುತ್ತಿನಲ್ಲಿ ಅವಕಾಶವಿಲ್ಲ, ಅಂದರೆ ಬಾಂಡ್ಸ್, ಕ್ಲೆಮೆನ್ಸ್ ಗಲಾಟೆ ಇರಲ್ಲ. ಲೆಕ್ಕಿಗರೇ, ನೀವು ಸಮಿತಿಯಲ್ಲಿದ್ದರೆ ಆಗಲಾದರೂ ಕೈ ಎತ್ತುತ್ತೀರಾ?

ಲೆಕ್ಕಿಗ:

ಇಲ್ಲ. ನನ್ನ ಮತ ಮೊದಲು ಜಾನ್ ಓಲರುಡ್‌ಗೆ. ಯಾರನ್ನು ಕಳಿಸಿ ಡೆಲ್ಗಾಡೊಗೆ ಜಾಗ ಮಾಡಿದರೋ ಅದೇ ಓಲರುಡ್. ವಾರ್ 58, ಇವನಿಗಿಂತ ಹದಿನಾಲ್ಕು ಜಾಸ್ತಿ. 2011ರಲ್ಲಿ ಬರಹಗಾರರು ಅವನಿಗೆ ಕೊಟ್ಟದ್ದು ನಾಲ್ಕು ಮತ, ಶೇಕಡಾ ಒಂದೂ ಇಲ್ಲ. ಮರೆತುಹೋದ ಟೊರಾಂಟೊ ಫಸ್ಟ್ ಬೇಸ್‌ಮನ್ ಅಂತ ಚರ್ಚೆ ಶುರು ಮಾಡೋದಾದರೆ ಅವನಿಂದ ಮಾಡಬೇಕಿತ್ತು.

ಧಾರವಾಡ ಪೇಢಾ:

ಓಲರುಡ್ ಅಂದ್ರ ಫೀಲ್ಡಿಂಗ್‌ದಾಗೂ ಹೆಲ್ಮೆಟ್ ಹಾಕ್ಕೊಂಡು ನಿಂದರತಿದ್ದಾಂವ ಹೌದಿಲ್ಲೋ? ಯಾಕ ಹಾಕ್ಕೋತಿದ್ನಪಾ ಅಂವ?

ಮಿಸ್ಸಿಸಾಗಾ ಮಂಜ:

ಅವನೇ. ಕಾಲೇಜಿನಲ್ಲಿದ್ದಾಗ ಮಿದುಳಿನಲ್ಲಿ ರಕ್ತನಾಳ ಉಬ್ಬಿ ಆಪರೇಷನ್ ಆಗಿತ್ತು, ಅದಕ್ಕೆ. ಲೆಕ್ಕಿಗರೇ, ಓಲರುಡ್ ಚರ್ಚೆ ನೀವೇ ಶುರು ಮಾಡಿ. 1993ರಲ್ಲಿ ಅವನು .363 ಹೊಡೆದದ್ದರಿಂದ ಆರಂಭಿಸಿ, ನಾನೂ ಬರ್ತೀನಿ. ಆದರೆ ಅಲ್ಲಿಯವರೆಗೆ ಈ ಚರ್ಚೆಯಲ್ಲಿ ಡೆಲ್ಗಾಡೊ ಬಿಟ್ಟು ಇನ್ನೊಬ್ಬರ ಹೆಸರು ಎತ್ತಬಾರದು.